ಮೇಲಿನ ಗಿರಣಿಗೆ ಬಾರದ ಗಾಡಿ

ಜಿಲ್ಲಾ ಪರಿಷತ್ತಿನ ಮಾನ್ಯ ಉಪಾಧ್ಯಕ್ಷರೇ, ಈ ಸಲದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೂ ಆದವರೇ,

ನಮ್ಮ ಕಣಿವೆಯ ಆಂಬುಲೆನ್ಸ್ ಶೆಡ್ಡಿಗೆ ಸೋಮವಾರ ಬೆಳಿಗ್ಗೆ ಬೀಗ ಬಿದ್ದಿದೆ. ಒಳಗಿದ್ದ ಒಂದೇ ಒಂದು ಗಾಡಿಯನ್ನು ಜಿಲ್ಲಾ ಕೇಂದ್ರಕ್ಕೆ ಒಯ್ದಿದ್ದಾರೆ. ಸುದ್ದಿಯನ್ನು ನನಗೆ ಮೊದಲು ಹೇಳಿದವನು ಹಾಲಿನ ವ್ಯಾನಿನ ಚಾಲಕ. ಸೇತುವೆ ದಾಟುವಾಗ ಅವನು ಕಣ್ಣಾರೆ ಕಂಡದ್ದು ಅದು. ಮರುದಿನ ಜಿಲ್ಲಾ ಪತ್ರಿಕೆ ಐದನೇ ಪುಟದ ಮೂಲೆಯಲ್ಲಿ, ಟೈರಿನ ಜಾಹೀರಾತಿನ ಕೆಳಗೆ, ನಾಲ್ಕು ಸಾಲಿನಲ್ಲಿ ಅದನ್ನು ಖಚಿತಪಡಿಸಿತು. ಅದೇ ಪತ್ರಿಕೆಯ ಮೊದಲ ಪುಟದಲ್ಲಿ ನಿಮ್ಮ ಭಾವಚಿತ್ರವಿತ್ತು. ಕೈಯಲ್ಲಿ ‘ನನ್ನ ಏಳು ಆದ್ಯತೆಗಳು’ ಎಂಬ ಪುಸ್ತಿಕೆ, ಮುಖದಲ್ಲಿ ಆಗಲೇ ಅಧ್ಯಕ್ಷರಾದವರ ನಗು. ಪುಸ್ತಿಕೆಯ ಮೊದಲ ಆದ್ಯತೆ: ‘ಎಲ್ಲ ತುರ್ತು ಸೇವೆಗಳೂ ಒಂದೇ ಸೂರಿನಡಿ’. ಅಂದರೆ ಐದನೇ ಪುಟದ ಬೀಗ ಮೊದಲ ಪುಟದ ಆದ್ಯತೆಯ ಫಲ. ಪತ್ರಿಕೆಯವರು ಎರಡನ್ನೂ ಅಕ್ಕಪಕ್ಕ ಹಾಕಿದ್ದರೆ ನಾನು ಈ ಪತ್ರ ಬರೆಯುವ ಶ್ರಮ ತಪ್ಪುತ್ತಿತ್ತು.

ನಾನು ಬಸ್ ನಿಲ್ದಾಣದ ಎದುರು ಪತ್ರಿಕೆ, ಪೆನ್ನು, ಶಾಲಾ ಪುಸ್ತಕ ಮಾರುವವನು. ನಿಮ್ಮ ಕಾರ್ಯಕರ್ತರು ಪುಸ್ತಿಕೆಯ ಒಂದು ಕಟ್ಟನ್ನು ನನ್ನ ಅಂಗಡಿಯಲ್ಲೂ ಇಟ್ಟುಹೋದರು, ಬಂದವರಿಗೆಲ್ಲ ಕೊಡಿ ಎಂದರು. ಕೊಡುತ್ತಿದ್ದೇನೆ. ಕೊಡುವ ಮುಂಚೆ ಒಂದು ಪ್ರತಿಯನ್ನು ಮುಖಪುಟದಿಂದ ಮುದ್ರಕರ ವಿಳಾಸದವರೆಗೆ ಓದಿದ್ದೇನೆ. ಕಾಗದ ಒಳ್ಳೆಯದು, ಅಚ್ಚು ಸ್ವಚ್ಛವಾಗಿದೆ, ಕಾಗುಣಿತದ ತಪ್ಪುಗಳಿಲ್ಲ. ಈ ಮೂರೂ ನಮ್ಮ ಜಿಲ್ಲೆಯ ಚುನಾವಣೆಗಳಲ್ಲಿ ಒಟ್ಟಿಗೆ ಕಾಣಸಿಗುವುದಿಲ್ಲ, ಅದಕ್ಕೆ ಅಭಿನಂದನೆ. ನನ್ನ ತಕರಾರು ಇರುವುದು ಹದಿನಾಲ್ಕನೇ ಪುಟದ ಒಂದು ವಾಕ್ಯದ ಬಗ್ಗೆ. ಅದು ಹೀಗಿದೆ: ‘ಮೇಲ್ಕಣಿವೆಯಲ್ಲಿ ಐದು ತಿಂಗಳು ನಡೆಸಿದ ಪ್ರಯೋಗ ಸಂಪೂರ್ಣ ಯಶಸ್ವಿಯಾಗಿದ್ದು, ಬಂದ ಪ್ರತಿಯೊಂದು ಕರೆಗೂ ವಾಹನ ಸ್ಥಳ ತಲುಪಿದೆ.’

ಆ ಪ್ರತಿಯೊಂದು ಕರೆಯಲ್ಲಿ ನನ್ನ ಅಕ್ಕ ಮಾಡಿದ ಕರೆಯೂ ಸೇರಿದೆ. ವಾಹನ ತಲುಪಿದ ಸ್ಥಳ ಯಾವುದು, ಅಲ್ಲಿ ಯಾರಿದ್ದರು ಎಂಬುದನ್ನು ಪುಸ್ತಿಕೆ ಹೇಳುವುದಿಲ್ಲ. ಆದ್ದರಿಂದ ನಾನು ಹೇಳುತ್ತೇನೆ.

ಮೊದಲು ನಮ್ಮ ಮಾತಿನ ರೀತಿಯ ಬಗ್ಗೆ ಎರಡು ಮಾತು. ನಿಮಗೆ ಇದು ಗೊತ್ತಿರುವ ವಿಷಯ. ಈ ಪತ್ರ ಓದುವ ಜಿಲ್ಲಾ ಕೇಂದ್ರದ ಜನರಿಗಾಗಿ ಬರೆಯುತ್ತಿದ್ದೇನೆ. ನಮ್ಮ ಕಣಿವೆಯಲ್ಲಿ ಇರುವುದು ಒಂದು ಹೊಳೆ, ಅದರ ಪಕ್ಕದಲ್ಲೇ ಒಂದು ರಸ್ತೆ. ಹೊಳೆ ಬರುವ ಕಡೆ ನಮಗೆ ‘ಮೇಲೆ’, ಹೊಳೆ ಹೋಗುವ ಕಡೆ ‘ಕೆಳಗೆ’. ಉತ್ತರ, ದಕ್ಷಿಣ, ಎಡ, ಬಲ ಎಲ್ಲ ಶಾಲೆಯ ಪಾಠದಲ್ಲಿವೆ, ಬಾಯಲ್ಲಿಲ್ಲ. ಬೆಂಚಿನ ಮೇಲೆ ಕೂತವರಿಗೆ ‘ಸ್ವಲ್ಪ ಕೆಳಗೆ ಸರೀರಿ’ ಎಂದರೆ ಅವರು ನೆಲಕ್ಕೆ ಇಳಿಯುವುದಿಲ್ಲ, ಹೊಳೆ ಹರಿಯುವ ಕಡೆಗೆ ಜರುಗುತ್ತಾರೆ. ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರು ಕ್ಷೌರಕ್ಕೆ ಹೋಗಿದ್ದರಂತೆ. ಕ್ಷೌರಿಕ ಕೆನ್ನೆಗೆ ಸೋಪು ಹಚ್ಚಿ, ಮುಖ ಸ್ವಲ್ಪ ಮೇಲಕ್ಕೆ ತಿರುಗಿಸಿ ಸಾರ್ ಎಂದ. ಮ್ಯಾನೇಜರು ಸೂರು ನೋಡಿದರು. ಇನ್ನೂ ಮೇಲಕ್ಕೆ ಎಂದ. ಅವರು ಇನ್ನಷ್ಟು ಕತ್ತೆತ್ತಿ ಫ್ಯಾನು ನೋಡಿದರು. ಕ್ಷೌರಿಕ ಕತ್ತಿ ಹಿಡಿದು ನಿಂತ, ಮ್ಯಾನೇಜರು ಫ್ಯಾನು ನೋಡುತ್ತ ಕೂತರು, ಕಾಯುತ್ತಿದ್ದವರು ನಗು ತಡೆದುಕೊಂಡರು. ಇದನ್ನು ಹೇಳಿ ನಾವು ವರ್ಷಗಟ್ಟಲೆ ನಕ್ಕಿದ್ದೇವೆ.

ಈಗ ನಕ್ಷೆ ನೋಡಿ. ಬೇರೆ ಹೊಳೆಗಳ ವಿಷಯ ನನಗೆ ಗೊತ್ತಿಲ್ಲ, ನಮ್ಮ ಹೊಳೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಹೀಗಾಗಿ ನಾವು ‘ಮೇಲೆ’ ಎನ್ನುವುದೆಲ್ಲ ನಕ್ಷೆಯಲ್ಲಿ ಕೆಳಗಿದೆ, ‘ಕೆಳಗೆ’ ಎನ್ನುವುದೆಲ್ಲ ಮೇಲಿದೆ. ನಡುವೆ ಸೇತುವೆ. ಸೇತುವೆಯಿಂದ ಹೊಳೆಯ ಎದುರು ದಿಕ್ಕಿಗೆ ಹೋದರೆ ಒಂದು ಹಿಟ್ಟಿನ ಗಿರಣಿ, ಹೊಳೆಯ ಜೊತೆಗೆ ಹೋದರೆ ಇನ್ನೊಂದು. ಮೊದಲನೆಯದು ಮೇಲಿನ ಗಿರಣಿ, ಎರಡನೆಯದು ಕೆಳಗಿನ ಗಿರಣಿ. ಅಕ್ಕನ ಮನೆ ಇರುವುದು ಮೇಲಿನ ಗಿರಣಿ ದಾಟಿದ ಕೂಡಲೇ.

ಭಾವ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಅವರನ್ನು ಕಣಿವೆಯವರು ‘ಮಿಷನ್ ಮಾಮ’ ಎನ್ನುತ್ತಾರೆ. ಅಕ್ಕ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಶಾಲೆ ಶುರುವಾಗುವ ಮುಂಚಿನ ವಾರಗಳಲ್ಲಿ ಆ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನೀಲಿ ಬಟ್ಟೆಯ ಗುಡ್ಡ. ಯಾರೇ ಯಂತ್ರ ಕೆಟ್ಟಿತೆಂದು ಬಂದರೂ ಭಾವ ಮೊದಲು ಹೇಳುತ್ತಿದ್ದುದು, ಮಿಷನ್ನು ತಾನಾಗಿ ಕೆಡಲ್ಲ ಕಣ್ರೀ, ಹೊಲಿಯೋರು ಕೆಡಿಸ್ತಾರೆ ಎಂದು. ಹೇಳುವಾಗ ಅಕ್ಕನ ಕಡೆ ನೋಡುತ್ತಿದ್ದರು. ಅಕ್ಕ ಕತ್ತರಿ ಎತ್ತಿ ತೋರಿಸುತ್ತಿದ್ದಳು. ಅವರ ಮನೆಯಲ್ಲಿ ಪ್ರೀತಿಯ ಮಾತೆಂದರೆ ಇದೇ ಆಗಿತ್ತು.

ನಿಮ್ಮ ಪ್ರಯೋಗ ಶುರುವಾದ ಮೂರನೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಭಾವ ಅಕ್ಕನ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಎಣ್ಣೆಯ ಡಬ್ಬಿ ಕೈಯಿಂದ ಜಾರಿತು. ನೀಲಿ ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿತೆಂದು ಅಕ್ಕ ಬೈಯಲು ಬಾಯಿ ತೆರೆದವಳು ಭಾವನ ಮುಖ ನೋಡಿ ಸುಮ್ಮನಾದಳು. ಬಾಯಿ ಒಂದು ಪಕ್ಕಕ್ಕೆ ಇಳಿದಿತ್ತು. ಏನೋ ಹೇಳಲು ನೋಡುತ್ತಿದ್ದರು, ಮಾತು ಬರುತ್ತಿರಲಿಲ್ಲ. ಅಕ್ಕ ಫೋನು ತೆಗೆದುಕೊಂಡಳು.

ನಿಮ್ಮ ಪ್ರಯೋಗಕ್ಕೂ ಮೊದಲು ಆಂಬುಲೆನ್ಸಿನ ಫೋನು ಸೇತುವೆಯ ಪಕ್ಕದ ಶೆಡ್ಡಿನಲ್ಲೇ ರಿಂಗಾಗುತ್ತಿತ್ತು. ಎತ್ತುವವನು ಚಾಲಕನೇ. ಅವನೇನೂ ದೇವರಂಥವನಲ್ಲ, ಮಧ್ಯಾಹ್ನ ಎಬ್ಬಿಸಿದರೆ ಗೊಣಗುತ್ತಿದ್ದ, ಗಾಡಿಯೊಳಗೆ ಈರುಳ್ಳಿ ಮೂಟೆ ಸಾಗಿಸಿ ಒಮ್ಮೆ ಸಿಕ್ಕಿಬಿದ್ದಿದ್ದ. ಆದರೆ ‘ಮೇಲಿನ ಗಿರಣಿ’ ಎಂದರೆ ಮೇಲಿನ ಗಿರಣಿಗೇ ಬರುತ್ತಿದ್ದ. ಪ್ರಯೋಗದಲ್ಲಿ ನೀವು ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು ಫೋನನ್ನು ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಗೆ ಒಯ್ದಿರಿ. ಹಳೆಯ ಚಾಲಕನಿಗೆ ವರ್ಗವಾಯಿತು, ಬಯಲು ಸೀಮೆಯಿಂದ ಹೊಸಬನೊಬ್ಬ ಬಂದ. ಅವನಿಗೊಂದು ನಿಯಮ ಕೊಟ್ಟಿರಿ: ಪರದೆಯ ಮೇಲೆ ಗುರುತು ಮಾಡಿ ಕಳಿಸಿದ ಜಾಗಕ್ಕೆ ಹೋಗಬೇಕು, ಕೊಠಡಿ ಹೇಳುವವರೆಗೆ ಅಲ್ಲಿಂದ ಕದಲಬಾರದು, ಕರೆ ಮಾಡಿದವರ ಜೊತೆ ನೇರವಾಗಿ ಮಾತಾಡಬಾರದು.

ಅಕ್ಕ ಮೊದಲು ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಧ್ವನಿಮುದ್ರಣ ಕೇಳಿಸಿಕೊಂಡಳು. ಆಮೇಲೆ ಒಬ್ಬ ಹುಡುಗಿ ಮಾತಾಡಿದಳು. ಎಲ್ಲಿ ಎಂದು ಕೇಳಿದ್ದಕ್ಕೆ ಅಕ್ಕ, ಸೇತುವೆಯಿಂದ ಮೇಲೆ ಬರಬೇಕು, ಗಿರಣಿ ದಾಟಿದ ತಕ್ಷಣ ಹಸಿರು ಗೇಟಿನ ಮನೆ ಎಂದಳು. ಆ ಹುಡುಗಿ ಪರದೆ ನೋಡಿದಳು. ಸೇತುವೆಯಿಂದ ಮೇಲೆ ಒಂದು ಗಿರಣಿ ಕಂಡಿತು. ಗುರುತು ಮಾಡಿ ಕಳಿಸಿದಳು. ಅವಳ ಪರದೆಯ ಮೇಲಿದ್ದದ್ದು ಕೆಳಗಿನ ಗಿರಣಿ.

ಭಾನುವಾರವೂ ನನ್ನ ಅಂಗಡಿ ತೆರೆದಿರುತ್ತದೆ. ಗಾಡಿ ಸೈರನ್ ಹಾಕಿಕೊಂಡು ಸೇತುವೆಯ ತುದಿಯಲ್ಲಿ ಕೆಳಗಿನ ಕಡೆಗೆ ತಿರುಗಿದ್ದನ್ನು ನಾನೇ ನೋಡಿದೆ. ಪಾಪ, ಕೆಳಗಿನವರಿಗೆ ಯಾರಿಗೋ ಏನೋ ಆಗಿದೆ ಎಂದು ಪಕ್ಕದ ಹಣ್ಣಿನ ಅಂಗಡಿಯವನಿಗೆ ಹೇಳಿದೆ. ಅವನು, ವೇಗ ನೋಡಿದ್ರೆ ಉಳಿದ್ಕೋತಾರೆ ಬಿಡಿ ಎಂದ.

ಅತ್ತ ಅಕ್ಕನ ಪಕ್ಕದ ಮನೆಯ ಬೇಕರಿಯವನು ಸೈಕಲ್ ಹತ್ತಿ ಶೆಡ್ಡಿಗೇ ಹೋಗಿ ಗಾಡಿ ಕರೆತರುತ್ತೇನೆಂದು ಹೊರಟ. ಹೋಗಿ ನೋಡಿದರೆ ಶೆಡ್ಡು ಖಾಲಿ. ಅವನಿಗೆ ಸಂತೋಷವಾಯಿತು. ತಿರುಗಿ ತುಳಿದುಕೊಂಡು ಬಂದು, ಗಾಡಿ ಆಗಲೇ ಹೊರಟಿದೆ, ಇನ್ನೇನು ಬಂತು ಎಂದ. ಇದಕ್ಕಿಂತ ಕೆಟ್ಟ ಸುದ್ದಿಯನ್ನು ಯಾರೂ ಇಷ್ಟು ಒಳ್ಳೆಯ ಮನಸ್ಸಿನಿಂದ ತಂದಿರಲಾರರು. ಏಕೆಂದರೆ ಆ ಮಾತು ಕೇಳಿ ಎಲ್ಲರೂ ಕಾಯುತ್ತ ಕೂತರು. ಇಲ್ಲದಿದ್ದರೆ ಬೇರೆ ಯಾವುದಾದರೂ ವಾಹನ ಹುಡುಕುತ್ತಿದ್ದರು.

ಬರಲಿಲ್ಲ. ಅಕ್ಕ ಮತ್ತೆ ಫೋನು ಮಾಡಿದಳು. ಈ ಎರಡನೇ ಕರೆಯ ಮಾತುಕತೆಯನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಾಳೆ, ಒಂದು ಅಕ್ಷರವೂ ಬದಲಾಗುವುದಿಲ್ಲ.

“ಗಾಡಿ ತಲುಪಿದೆ ಅಂತ ತೋರಿಸ್ತಿದೆ ಮೇಡಂ.”

“ಎಲ್ಲಮ್ಮಾ ತಲುಪಿದೆ? ನಮ್ ಗೇಟಲ್ಲಿ ಆಡು ನಿಂತಿದೆ, ಗಾಡಿ ಇಲ್ಲ.”

“ಗಿರಣಿ ಹತ್ರಾನೇ ಇದೆ ಮೇಡಂ. ಅಲ್ಲಿಂದ ಹೇಗೆ ಬರ್ಬೇಕು?”

“ಮೇಲೆ ಬರೋಕೆ ಹೇಳು. ಇನ್ನೂ ಮೇಲೆ.”

ಹುಡುಗಿ ಹೇಳಿದಳು. ಚಾಲಕ ಪಾಲಿಸಿದ. ಗಾಡಿ ಕೆಳಗಿನ ಗಿರಣಿಯಿಂದ ಉತ್ತರಕ್ಕೆ, ಅಂದರೆ ಇನ್ನೂ ಕೆಳಕ್ಕೆ ಹೋಯಿತು. ಮತ್ತೊಂದು ಕರೆ. ಇನ್ನೂ ಮೇಲೆ ಎಂದು ಅಕ್ಕ ಕೂಗಿದಳು. ಗಾಡಿ ಇನ್ನೂ ದೂರ ಹೋಯಿತು. ಮಾನ್ಯರೇ, ಒಮ್ಮೆ ಊಹಿಸಿಕೊಳ್ಳಿ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸೊಬ್ಬಳು ಗಂಟಲು ಹರಿಯುವಂತೆ ಕರೆಯುತ್ತಿದ್ದಾಳೆ. ಕರೆದಷ್ಟೂ ಗಾಡಿ ಅವಳಿಂದ ದೂರ ಸರಿಯುತ್ತಿದೆ. ಯಾರೂ ಆಲಸ್ಯ ಮಾಡುತ್ತಿಲ್ಲ, ಯಾರೂ ಕುಡಿದಿಲ್ಲ, ಎಲ್ಲರೂ ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದ್ದಾರೆ. ನಿಮ್ಮ ವ್ಯವಸ್ಥೆ ಪೂರ್ತಿ ಸರಿಯಾಗಿ ಕೆಲಸ ಮಾಡುತ್ತಿದೆ.

ಕೊನೆಗೆ ಹಾಲಿನ ವ್ಯಾನು ಆ ದಾರಿಯಲ್ಲಿ ಬಂತು. ಖಾಲಿ ಕ್ಯಾನುಗಳನ್ನು ರಸ್ತೆ ಬದಿಗಿಳಿಸಿ ಭಾವನನ್ನು ಮಲಗಿಸಿದರು. ಸೇತುವೆಯ ಹತ್ತಿರ ವ್ಯಾನು ನಿಂತಾಗ ನಾನೂ ಹತ್ತಿಕೊಂಡೆ. ಅಕ್ಕ ನನ್ನನ್ನು ನೋಡಿ ಕೇಳಿದ ಮೊದಲ ಮಾತು, ನೀನು ಆ ಗಾಡಿ ನೋಡಿದ್ಯೇನೋ ಎಂದು. ನೋಡಿದೆ ಎಂದೆ. ಯಾವ ಕಡೆ ಹೋಯ್ತು ಎಂದಳು. ಹೇಳಿದೆ. ಜಿಲ್ಲಾ ಆಸ್ಪತ್ರೆ ಮುಟ್ಟುವವರೆಗೆ ಅವಳು ಭಾವನ ತಲೆ ಹಿಡಿದುಕೊಂಡೇ ಕೂತಿದ್ದಳು.

ಆಸ್ಪತ್ರೆಯ ವೈದ್ಯರು ಒಳ್ಳೆಯವರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ ಕೊಡುವ ಒಂದು ಇಂಜೆಕ್ಷನ್ ಇದೆ, ಅದನ್ನು ಇಂತಿಷ್ಟು ಹೊತ್ತಿನೊಳಗೆ ಕೊಡಬೇಕು, ಆ ಹೊತ್ತು ಮೀರಿದೆ ಎಂದರು. ನಾನು ವರದಿ ಓದಿ ಬೆಳೆದವನು, ಇಲ್ಲದ್ದನ್ನು ಸೇರಿಸುವುದಿಲ್ಲ. ಗಾಡಿ ನೇರ ಬಂದಿದ್ದರೆ ಭಾವ ಗುಣವಾಗುತ್ತಿದ್ದರು ಎಂದು ವೈದ್ಯರು ಹೇಳಲಿಲ್ಲ. ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು ಎಂದರು. ನಾನು ಕೇಳುತ್ತಿರುವುದೂ ಅಷ್ಟನ್ನೇ. ಆ ‘ನೋಡಬಹುದಿತ್ತು’ ನಮಗೆ ಸೇರಿದ್ದು, ಅದನ್ನು ನಮ್ಮಿಂದ ಕಿತ್ತುಕೊಂಡಿರಿ.

ಭಾವನ ಬಲಗೈ ಈಗ ಮಡಿಲಲ್ಲಿ ಬಿದ್ದಿರುತ್ತದೆ. ಮಾತಿನಲ್ಲಿ ಉಳಿದಿರುವುದು ಒಂದೇ ಪದ: ‘ಆಯ್ತು’. ಈ ಕಾಯಿಲೆಯಲ್ಲಿ ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದಂತೆ. ಹಸಿವಾದರೆ ಆಯ್ತು, ಸಿಟ್ಟು ಬಂದರೆ ಆಯ್ತು, ಅಕ್ಕ ಹೊಲಿಯುವಾಗ ದಾರ ಸಿಕ್ಕಿಕೊಂಡರೆ ಎಡಗೈಯಿಂದ ಯಂತ್ರದ ಕಡೆ ತೋರಿಸಿ ಆಯ್ತು, ಆಯ್ತು, ಆಯ್ತು. ಅಕ್ಕ ಈಗ ಧ್ವನಿಯ ಏರಿಳಿತದಲ್ಲೇ ಅರ್ಥ ಹಿಡಿಯುತ್ತಾಳೆ. ಯಂತ್ರದ ಕಡೆ ಬೆರಳು ತೋರಿಸಿ ಅವರು ಹಾಗೆಂದಾಗ, ಹೂಂ ಕಣ್ರೀ, ಹೊಲಿಯೋರೇ ಕೆಡಿಸಿದ್ದು ಎಂದು ಅವರ ಮಾತನ್ನು ತಾನೇ ಹೇಳಿ ಮುಗಿಸುತ್ತಾಳೆ. ನಿಮ್ಮ ಪರಿಷತ್ತಿನ ಕಚೇರಿಗೆ ಈ ವಿಷಯವಾಗಿ ನಾನು ಹಲವು ಸಲ ಬಂದಿದ್ದೇನೆ. ಪ್ರತಿ ಮೇಜಿನಲ್ಲೂ ನನಗೆ ಸಿಕ್ಕ ಉತ್ತರ ಅದೇ: ಆಯ್ತು, ಆಯ್ತು. ಭಾವನಿಗಾದರೆ ಅದು ಕಾಯಿಲೆಯಿಂದ ಬಂತು.

ಹೀಗಾದ ಎರಡು ವಾರಕ್ಕೆ ಅಕ್ಕನಿಗೊಂದು ಕರೆ ಬಂತು. ನಿಯಂತ್ರಣ ಕೊಠಡಿಯ ಆ ಹುಡುಗಿ ತನ್ನ ಸ್ವಂತ ಫೋನಿನಿಂದ ಮಾಡಿದ್ದಳು. ಅವರು ಹೇಗಿದ್ದಾರಮ್ಮ ಎಂದು ಕೇಳಿದಳಂತೆ. ಆಮೇಲೆ, ನೀವು ಮೇಲೆ ಅಂದಾಗ ನಾನು ಸ್ಕ್ರೀನಲ್ಲಿ ಮೇಲೆ ಅಂದ್ಕೊಂಡೆ, ನಿಮ್ಮ ಕಡೆ ಹೀಗಂತಾರೆ ಅಂತ ನಮಗ್ಯಾರೂ ಹೇಳಿರಲಿಲ್ಲ ಎಂದು ಅತ್ತಳಂತೆ. ಅಕ್ಕ ಅವಳಿಗೆ ಏನು ಹೇಳಿದಳೆಂಬುದನ್ನು ನೀವು ಚೆನ್ನಾಗಿ ಓದಿಕೊಳ್ಳಬೇಕು.

“ನೀನೇನೂ ತಪ್ಪು ಮಾಡ್ಲಿಲ್ಲ ಕಣಮ್ಮ. ನಾನೂ ಮಾಡ್ಲಿಲ್ಲ. ಅದೇ ನನ್ ಹೊಟ್ಟೆ ಉರಿ. ಯಾರನ್ನಾದ್ರೂ ಬೈದು ಮಲ್ಕೊಳೋಣ ಅಂದ್ರೆ ಯಾರೂ ಸಿಗ್ತಾ ಇಲ್ಲ.”

ಈ ಪತ್ರ ಓದಿದ ಕೂಡಲೇ ಆ ಹುಡುಗಿಗೊಂದು ನೋಟಿಸು ಜಾರಿ ಮಾಡುವ ಉತ್ಸಾಹ ನಿಮ್ಮ ಅಧಿಕಾರಿಗಳಿಗೆ ಬರಬಹುದು. ತಪ್ಪು ಮೇಲೆ ನಡೆದರೆ ನೋಟಿಸು ಕೆಳಗೆ ಹೋಗುವುದು ಕಚೇರಿಗಳ ಪದ್ಧತಿ. (ಇಲ್ಲಿ ಮೇಲೆ ಕೆಳಗೆ ಎಂದದ್ದು ನಿಮ್ಮ ಅರ್ಥದಲ್ಲಿ.) ದಯವಿಟ್ಟು ಬೇಡ. ಇಡೀ ಜಿಲ್ಲಾಡಳಿತದಲ್ಲಿ ಭಾವ ಹೇಗಿದ್ದಾರೆಂದು ಕೇಳಿದವಳು ಅವಳೊಬ್ಬಳೇ.

ನೀವು ಮಾಡಿದ್ದೇನು? ಅದನ್ನೂ ಹೇಳಬೇಕು. ಹೋದ ತಿಂಗಳು ನಮ್ಮ ಶಾಲೆಯ ಅಂಗಳದಲ್ಲಿ ‘ದಿಕ್ಕು ಜಾಗೃತಿ ಶಿಬಿರ’ ನಡೆಸಿದಿರಿ. ಗಾಡಿ ದಾರಿ ತಪ್ಪಿದ್ದಕ್ಕೆ ಪರಿಹಾರವಾಗಿ ಇಡೀ ಕಣಿವೆಗೆ ದಿಕ್ಕು ಕಲಿಸುವುದು! ಬಂದ ತರಬೇತುದಾರರು ಕೊರಳಲ್ಲಿ ದಿಕ್ಸೂಚಿ ನೇತುಹಾಕಿಕೊಂಡಿದ್ದರು. ಎಲ್ಲರೂ ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ನಿಲ್ಲಿ ಎಂದರು. ನಮ್ಮದು ಎರಡು ಗುಡ್ಡಗಳ ನಡುವಿನ ಜಾಗ. ಸೂರ್ಯ ನಮಗೆ ಕಾಣುವ ಹೊತ್ತಿಗೆ ಬೇರೆ ಊರುಗಳಲ್ಲಿ ಕಚೇರಿಗಳು ತೆರೆದಿರುತ್ತವೆ. ಅವತ್ತು ಮೋಡ ಬೇರೆ. ಮುಂದಿನ ಸಾಲಿನಲ್ಲಿದ್ದ ನಶ್ಯದಜ್ಜಿಯನ್ನು, ಅಜ್ಜಿ, ಸೂರ್ಯ ಎಲ್ಲಿ ಹುಟ್ತಾನೆ ಹೇಳಿ ನೋಡೋಣ ಎಂದು ಕೇಳಿದರು. ಅಜ್ಜಿ ಚಿಟಿಕೆ ನಶ್ಯ ಏರಿಸಿ, ಇವತ್ತು ಹುಟ್ಟೋ ಹಾಗೆ ಕಾಣ್ಸಲ್ಲಪ್ಪ ಎಂದಳು. ಅವರು ಬಿಡಲಿಲ್ಲ. ನಿಮಗೆ ಆಂಬುಲೆನ್ಸ್ ಬೇಕಾದರೆ ಏನು ಹೇಳ್ತೀರಿ ಎಂದರು. ಸಾಯೋ ಮುಂಚೆ ಹೇಳ್ಬೇಕೋ, ನಿನ್ನ ಪಾಠ ಕಲಿತ್ಮೇಲೆ ಹೇಳ್ಬೇಕೋ ಎಂದು ಅಜ್ಜಿ ತಿರುಗಿ ಕೇಳಿದಳು. ಶಿಬಿರ ಅಲ್ಲಿಗೆ ಮುಗಿಯಿತು. ಪುಸ್ತಿಕೆಯ ಹದಿನೈದನೇ ಪುಟದಲ್ಲಿ ಅದೂ ‘ಯಶಸ್ವಿ’ ಎಂದಿದೆ, ನಶ್ಯದಜ್ಜಿಯ ಚಿತ್ರದೊಂದಿಗೆ.

ಅಕ್ಕ ಮಾತ್ರ ಆ ಶಿಬಿರವನ್ನು ಗಂಭೀರವಾಗಿ ತೆಗೆದುಕೊಂಡಳು. ಮನೆಗೆ ಬಂದು ಬಟ್ಟೆಯ ಮೇಲೆ ಗೆರೆ ಹಾಕುವ ಸೀಮೆಸುಣ್ಣದಿಂದ ಬಾಗಿಲ ಪಟ್ಟಿಯ ಮೇಲೆ ಒಂದು ಕಡೆ ‘ದಕ್ಷಿಣ’, ಇನ್ನೊಂದು ಕಡೆ ‘ಉತ್ತರ’ ಎಂದು ಬರೆದಿದ್ದಾಳೆ. ಭಾವನಿಗೆ ಇನ್ನೊಂದು ಸಲ ಹೀಗಾಗುವ ಸಾಧ್ಯತೆ ಇದೆ, ಆಗ ತಡಮಾಡಬೇಡಿ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ. ಅದಕ್ಕೇ ಅವಳು ಹೊಲಿಯುತ್ತ ಹೊಲಿಯುತ್ತ ಬಾಯಲ್ಲೇ ಅಭ್ಯಾಸ ಮಾಡುತ್ತಾಳೆ: ಸೇತುವೆಯಿಂದ ದಕ್ಷಿಣಕ್ಕೆ, ಸೇತುವೆಯಿಂದ ದಕ್ಷಿಣಕ್ಕೆ. ಮೊನ್ನೆ ನಾನು ಹೋದಾಗ, ಸರಿಯಾಗಿ ಹೇಳ್ತಿದ್ದೀನೇನೋ ಎಂದು ಕೇಳಿದಳು. ಸರಿಯಾಗಿದೆ ಎಂದೆ. ಆದ್ರೆ ಗಾಬರಿ ಆದಾಗ ಬಾಯಿಗೆ ಬರೋದು ಇದಲ್ಲ ಕಣೋ ಎಂದಳು. ಅವಳು ಹೇಳಿದ್ದು ನಿಜ. ಗಾಬರಿಯಲ್ಲಿ ಮನುಷ್ಯ ತನ್ನ ಮಾತಿನಲ್ಲೇ ಕೂಗುತ್ತಾನೆ. ಆ ಕೂಗು ಯಾರಿಗೆ ಅರ್ಥವಾಗಬೇಕೋ ಅವರನ್ನು ಅಲ್ಲಿ ಕೂರಿಸುವುದೇ ಆಡಳಿತದ ಕೆಲಸ. ಕೂಗುವವರ ವ್ಯಾಕರಣ ತಿದ್ದುವುದು ಆಡಳಿತವಲ್ಲ.

ನಿಮ್ಮ ಪುಸ್ತಿಕೆಯ ಉಳಿದ ಆದ್ಯತೆಗಳ ಬಗ್ಗೆಯೂ ಒಂದು ಮಾತು. ಏಳು ಆದ್ಯತೆ ಎಂದು ಬರೆದವರು ಆ ಪದದ ಅರ್ಥವನ್ನು ಒಮ್ಮೆ ನೋಡಬಹುದಿತ್ತು. ಮೊದಲು ಆಗಬೇಕಾದ್ದು ಆದ್ಯತೆ. ಏಳು ಕೆಲಸಗಳು ಒಟ್ಟಿಗೆ ಮೊದಲು ಹೇಗೆ ಆಗುತ್ತವೆ? ಆದರೂ ಇರಲಿ. ಜಿಲ್ಲೆಯ ಗಡಿಯಲ್ಲಿ ಸ್ವಾಗತ ಕಮಾನು ಕಟ್ಟುತ್ತೀರಂತೆ, ಬರುವವರು ಎಲ್ಲಿಗೆ ಬಂದೆವೆಂದು ತಿಳಿಯಲಿ ಎಂದು. ಹೊಳೆದಂಡೆಯಲ್ಲಿ ವಿಹಾರ ಪಥ ಮಾಡುತ್ತೀರಂತೆ. ಬೀಗ ಹಾಕಿದ ನಮ್ಮ ಶೆಡ್ಡನ್ನು ಪ್ರವಾಸಿ ಮಾಹಿತಿ ಕೇಂದ್ರ ಮಾಡುತ್ತೀರಂತೆ. ಇದು ಮೂರನೇ ಆದ್ಯತೆ. ಅಂದರೆ ದಾರಿ ಗೊತ್ತಿಲ್ಲದೆ ಬಂದವರಿಗೆ ದಾರಿ ತೋರಿಸಲು ಅಲ್ಲಿ ಒಬ್ಬರನ್ನು ಕೂರಿಸುತ್ತೀರಿ. ಅಂಥ ಒಬ್ಬರನ್ನು ಆಂಬುಲೆನ್ಸಿನ ಫೋನಿನ ಮುಂದೆ ಕೂರಿಸಲು ಮಾತ್ರ ಸಾಧ್ಯವಿಲ್ಲ, ಅದಕ್ಕೆ ದೂರದಲ್ಲಿ ‘ಒಂದೇ ಸೂರು’ ಬೇಕು.

ಈ ಒಂದೇ ಸೂರಿನ ವಿಷಯಕ್ಕೆ ಬಂದರೆ, ಇದೇನೂ ನಮಗೆ ಹೊಸದಲ್ಲ. ಪಶುವೈದ್ಯರು ಒಂದೇ ಸೂರಿನಡಿ ಹೋದ ಮೇಲೆ ನಮ್ಮ ಹಸುಗಳೇ ಬಸ್ಸು ಹತ್ತಬೇಕಾಗಿದೆ. ಪಡಿತರದ ದೂರು ಕೇಳುವವರು ಒಂದೇ ಸೂರಿನಡಿ ಹೋದರು, ಅಂದಿನಿಂದ ದೂರುಗಳು ಕಡಿಮೆಯಾಗಿವೆ ಎಂದು ನಿಮ್ಮ ವರದಿ ಹೆಮ್ಮೆಪಡುತ್ತದೆ. ಆಗದೇ ಇರುತ್ತದೆಯೇ? ಒಂದು ದಿನದ ಕೂಲಿ ಬಿಟ್ಟು ಎರಡು ಬಸ್ಸು ಬದಲಿಸಿ ದೂರು ಹೇಳಲು ಯಾರು ಬರುತ್ತಾರೆ? ಸೂರು ಒಂದೇ ಇರಬಹುದು, ಅದರ ಕೆಳಗೆ ನಿಂತವರು ಯಾರು? ಅಧಿಕಾರಿಗಳು, ಅವರ ಮೇಜುಗಳು, ನಿಮ್ಮ ಭಾವಚಿತ್ರ. ನಾವಂತೂ ಇಲ್ಲ. ಹಳ್ಳಿಗಳ ಜಿಲ್ಲೆಯನ್ನು ಆಳಬೇಕೆನ್ನುವವರು ಮೊದಲು ಒಪ್ಪಬೇಕಾದ ಸಂಗತಿಯೆಂದರೆ ಜನ ಚದುರಿ ಬದುಕುತ್ತಾರೆ ಎಂಬುದು. ಅದು ಅವರ ತಪ್ಪಲ್ಲ. ಸೇವೆಯೂ ಅವರಷ್ಟೇ ಚದುರಿರಬೇಕು.

ಕಳೆದ ಶುಕ್ರವಾರ ನೀವು ಪ್ರಚಾರಕ್ಕೆ ಬಸ್ ನಿಲ್ದಾಣಕ್ಕೆ ಬಂದಿರಿ. ನಾನು ಅಂಗಡಿಯಿಂದ ಇಳಿದು ಬಂದು ಇಷ್ಟನ್ನೂ ಹೇಳಿದೆ. ನೀವು ತಾಳ್ಮೆಯಿಂದ ಕೇಳಿದಿರಿ, ಅದನ್ನು ಒಪ್ಪುತ್ತೇನೆ. ನನ್ನ ಭುಜದ ಮೇಲೆ ಕೈಯಿಟ್ಟು, ಯಜಮಾನ್ರೇ, ಇದು ಸಂವಹನದ ಕೊರತೆ ಅಷ್ಟೇ, ಕಾಲ ಬದಲಾಗಿದೆ, ನಮ್ಮ ಜನ ಇನ್ನೂ ಮೇಲೆ ಕೆಳಗೆ ಅಂತ ಮಾತಾಡ್ಕೊಂಡು ಕೂತ್ರೆ ಹೇಗೆ, ಉತ್ತರ ದಕ್ಷಿಣ ಅನ್ನೋದನ್ನ ಕಲೀಬೇಕು ಎಂದಿರಿ. ಸುತ್ತ ನಿಂತವರು ತಲೆಯಾಡಿಸಿದರು. ಅಷ್ಟರಲ್ಲಿ ಬಸ್ಸೊಂದು ಬಂದು ನಿಮ್ಮ ಕಾರಿನ ಹಿಂದೆ ಹಾರ್ನ್ ಮಾಡತೊಡಗಿತು. ನೀವು ಹಿಂದೆ ತಿರುಗಿ ನಿಮ್ಮ ಚಾಲಕನಿಗೆ ಹೇಳಿದಿರಿ:

“ಗಾಡಿ ಸ್ವಲ್ಪ ಮೇಲಕ್ಕೆ ತಗೊಂಡ್ ನಿಲ್ಸಪ್ಪ.”

ಅವನು ಆಕಾಶ ನೋಡಲಿಲ್ಲ, ದಿಕ್ಸೂಚಿ ತೆಗೆಯಲಿಲ್ಲ, ಉತ್ತರಕ್ಕೂ ಹೋಗಲಿಲ್ಲ. ಹೊಳೆ ಬರುವ ಕಡೆಗೆ, ಹಣ್ಣಿನ ಅಂಗಡಿಯಾಚೆ ಕಾರು ಒಯ್ದು ನಿಲ್ಲಿಸಿದ. ನೀವು ಈ ಕಣಿವೆಯಲ್ಲೇ ಹುಟ್ಟಿದವರು, ಅವನೂ ಇಲ್ಲಿಯವನೇ. ನಿಮಗೆ ಬೇಕಾದಾಗ ನಿಮ್ಮ ಮಾತು ಅರ್ಥವಾಗುವ ಚಾಲಕನನ್ನೇ ಇಟ್ಟುಕೊಂಡಿದ್ದೀರಿ. ತಪ್ಪೇನಿಲ್ಲ, ಅದು ಜಾಣತನ. ನನ್ನ ಅಕ್ಕನಿಗೂ ಅಷ್ಟೇ ಬೇಕಿತ್ತು. ನಿಮ್ಮ ಕಾರು ನಿಲ್ಲಿಸಲು ಸಾಕಾಗುವ ಭಾಷೆ ಅವಳ ಗಂಡನ ಜೀವಕ್ಕೆ ಸಾಕಾಗಲಿಲ್ಲವೇ? ನಿಯಂತ್ರಣ ಕೊಠಡಿಯ ಯೋಜನೆಗೆ ಸಹಿ ಹಾಕುವಾಗ ಆ ಮೇಜಿನ ಸುತ್ತ ಕೂತವರಲ್ಲಿ ‘ಮೇಲೆ’ ಎಂದರೇನೆಂದು ತಿಳಿದಿದ್ದವರು ನೀವೊಬ್ಬರೇ. ಆ ಹುಡುಗಿಗೆ ಗೊತ್ತಿರಲಿಲ್ಲ, ಆಂಬುಲೆನ್ಸಿನ ಚಾಲಕನಿಗೆ ಗೊತ್ತಿರಲಿಲ್ಲ, ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಬೈಯಲು ಯಾರೂ ಸಿಗುತ್ತಿಲ್ಲ ಎಂದು ಅಕ್ಕ ಹೇಳಿದ್ದಳಲ್ಲ, ಶುಕ್ರವಾರ ಸಂಜೆ ನಾನು ಅವಳ ಮನೆಗೆ ಹೋಗಿ ಸಿಕ್ಕಿದ್ದಾರೆ ಎಂದೆ. ಅವಳು ಬೈಯಲಿಲ್ಲ. ಹೊಲಿಯುತ್ತಿದ್ದ ಯಂತ್ರ ನಿಲ್ಲಿಸಿ, ಹಾಗಾದ್ರೆ ಅವರನ್ನೇ ಕೇಳೋಣ ಬಿಡು ಎಂದಳು.

ಆದ್ದರಿಂದ ಕೇಳುತ್ತಿದ್ದೇವೆ. ಶೆಡ್ಡಿನ ಬೀಗ ತೆಗೆಯಿರಿ. ಗಾಡಿಯನ್ನು ಹಿಂದಕ್ಕೆ ಕಳಿಸಿ. ಅದಕ್ಕಿಂತ ಮುಖ್ಯವಾಗಿ, ಆ ಫೋನನ್ನು ಕಣಿವೆಗೆ ವಾಪಸ್ಸು ತನ್ನಿ, ಅದರ ಮುಂದೆ ಕಣಿವೆಯ ಯಾರನ್ನಾದರೂ ಕೂರಿಸಿ. ಜಾಣರೇ ಆಗಬೇಕಿಲ್ಲ, ಮಧ್ಯಾಹ್ನ ಗೊಣಗುವವರಾದರೂ ಆದೀತು. ನಿಮ್ಮ ಉಳಿದ ಆರು ಆದ್ಯತೆಗಳನ್ನು ಅವುಗಳ ಪಾಡಿಗೆ ಬಿಟ್ಟು ಇದೊಂದನ್ನು ಮಾಡಿ, ಚುನಾವಣೆಗೆ ಮುಂಚೆ ಮಾಡಿ. ಗೆದ್ದ ಮೇಲೆ ನೋಡೋಣ ಎನ್ನಬೇಡಿ. ಉಪಾಧ್ಯಕ್ಷರಾಗಿ ಹಾಕಿಸಿದ ಬೀಗ ತೆಗೆಸಲು ಅಧ್ಯಕ್ಷರೇ ಆಗಬೇಕಾಗಿಲ್ಲ. ಮತ್ತು ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಹದಿನಾಲ್ಕನೇ ಪುಟದ ಆ ವಾಕ್ಯ ತೆಗೆದುಹಾಕಿ. ಅದು ಇರುವವರೆಗೆ ನನ್ನ ಅಂಗಡಿಯಲ್ಲಿ ಪುಸ್ತಿಕೆ ತೆಗೆದುಕೊಂಡ ಪ್ರತಿಯೊಬ್ಬರಿಗೂ ನಾನು ಈ ಪತ್ರದ ಒಂದು ಪ್ರತಿ ಸೇರಿಸಿಯೇ ಕೊಡುವವನು.

ಶೆಡ್ಡಿನ ಕಟ್ಟಡವನ್ನು ಪ್ರವಾಸೋದ್ಯಮ ಸಮಿತಿಗೆ ಹಸ್ತಾಂತರಿಸುವ ವಿಷಯ ಪರಿಷತ್ತಿನ ವಿಶೇಷ ಸಭೆಯ ಮುಂದಿದೆ. ಸಭೆ ಇದೇ ಹದಿನೆಂಟನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ, ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ. ಅಧ್ಯಕ್ಷತೆ ನಿಮ್ಮದು. ಮತಕ್ಕೆ ಹಾಕುವ ಮುನ್ನ ಸಾರ್ವಜನಿಕರಿಗೆ ಮಾತಾಡಲು ಅವಕಾಶವಿದೆ. ಅಕ್ಕ ಹೆಸರು ಕೊಟ್ಟಿದ್ದಾಳೆ. ಭಾವನನ್ನೂ ಕರೆತರುತ್ತಾಳೆ.

ಇಂತಿ,
ಮತದಾರರ ಪಟ್ಟಿಯಲ್ಲಿ ಇದ್ದೇನೆಂಬ ಒಂದೇ ಕಾರಣಕ್ಕೆ ನಿಮ್ಮವನಾದ,
ಮಿಷನ್ ಮಾಮನ ಭಾವಮೈದುನ